ಗಂಗೆಯ ಮೊಣಕೈ

ಶಿರಸಿ
೧೨ ಜೂನ್ ೨೦೨೪

ಉಪಪ್ರಾಂಶುಪಾಲರು, ಫಿಸಿಯೊಥೆರಪಿ ಕಾಲೇಜು, ಹುಬ್ಬಳ್ಳಿ ಇವರಿಗೆ

ಮಾನ್ಯರೆ,

ಕಳೆದ ವರ್ಷ ನಿಮ್ಮಲ್ಲಿ ಪದವಿ ಮುಗಿಸಿದ ನಂದನ ಎಂಬ ಯುವಕ ಜನವರಿಯಿಂದ ನಮ್ಮ ಆಸ್ಪತ್ರೆಯ ಫಿಸಿಯೊಥೆರಪಿ ವಿಭಾಗದಲ್ಲಿದ್ದಾನೆ. ಆ ವಿಭಾಗದ ಮುಖ್ಯಸ್ಥೆಯಾಗಿ ಈ ಪತ್ರ ಬರೆಯುತ್ತಿದ್ದೇನೆ.

ಮತ್ತಿಘಟ್ಟದ ಕಡೆಯ ಗಂಗೆ ಎಂಬ ನಲವತ್ತೊಂದು ವರ್ಷದ ಹೆಂಗಸು, ಅಡಿಕೆ ಸುಲಿಯುವ ಕೆಲಸದವಳು, ಫೆಬ್ರವರಿಯಲ್ಲಿ ಬೈಕಿನ ಹಿಂದಿನ ಸೀಟಿನಿಂದ ಬಿದ್ದು ಬಲ ಮೊಣಕೈ ಮುರಿದುಕೊಂಡಳು. ಆಪರೇಷನ್ ಮಾಡಿ ಪ್ಲೇಟು ಕೂರಿಸಿದರು. ಮಾರ್ಚ್ ಕೊನೆಯಲ್ಲಿ ವ್ಯಾಯಾಮಕ್ಕೆ ನಮ್ಮಲ್ಲಿಗೆ ಬಂದಳು. ನಾನು ನೋಡಿ, ಅವಳೇ ತನ್ನ ಬಲದಿಂದ ನಿಧಾನವಾಗಿ ಮಡಚಿ ಬಿಡಿಸುವ ವ್ಯಾಯಾಮ ಬರೆದು ನಂದನನಿಗೆ ಒಪ್ಪಿಸಿದೆ. ಅವನು ಹನ್ನೊಂದು ದಿನ ಅವಳ ಕೈಯನ್ನು ತನ್ನ ಬಲದಿಂದ ಒತ್ತಿ ಮಡಚಿದ. ಮುರಿದು ಕೂಡುತ್ತಿರುವ ಮೊಣಕೈಯನ್ನು ಹಾಗೆ ಬಲವಂತ ಮಾಡಿದರೆ ಸ್ನಾಯುವಿನ ಒಳಗೇ ಎಲುಬು ಬೆಳೆಯುತ್ತದೆಂದು ನಾವೆಲ್ಲ ಓದಿದ್ದೇವೆ. ಗಂಗೆಗೆ ಅದೇ ಆಗಿದೆ. ಎಕ್ಸ್-ರೇ ಪ್ರತಿ ಇದರ ಜೊತೆಗಿದೆ. ಕೈ ಎಪ್ಪತ್ತು ಡಿಗ್ರಿಯ ಆಚೆ ಮಡಚುವುದಿಲ್ಲ. ತುತ್ತು ಬಾಯಿಗೆ ಮುಟ್ಟುವುದಿಲ್ಲ.

ನಂದನನ ಅಂಕಪಟ್ಟಿ ನೋಡಿದೆ. ಮೂಳೆ ವಿಷಯದ ಪ್ರಾಯೋಗಿಕ ಪರೀಕ್ಷೆಯಲ್ಲಿ ನೂರಕ್ಕೆ ಎಪ್ಪತ್ತನಾಲ್ಕು. ಆ ವರ್ಷ ಪರೀಕ್ಷೆ ನಡೆಸಿದವರು ನೀವೇ ಎಂದು ಅವನು ಹೇಳಿದ.

ನನ್ನದು ಒಂದೇ ಪ್ರಶ್ನೆ. ಎಪ್ಪತ್ತನಾಲ್ಕು ಅಂಕ ಕೊಡುವಂಥದ್ದು ಅವನು ನಿಮ್ಮೆದುರು ಏನು ಮಾಡಿ ತೋರಿಸಿದ?

ಇತಿ,
ಆಫ್ರೀನ್ ಖುರ್ಷಿದ್
ಮುಖ್ಯಸ್ಥೆ, ಫಿಸಿಯೊಥೆರಪಿ ವಿಭಾಗ


ಹುಬ್ಬಳ್ಳಿ
೨೪ ಜೂನ್ ೨೦೨೪

ಆಫ್ರೀನ್ ಖುರ್ಷಿದ್ ಅವರಿಗೆ,

ನಿಮ್ಮ ಪತ್ರ ತಲುಪಿದೆ. ರೋಗಿಗೆ ಆದ ತೊಂದರೆಗೆ ವಿಷಾದವಿದೆ.

ಪ್ರಾಯೋಗಿಕ ಪರೀಕ್ಷೆಯನ್ನು ಇಬ್ಬರು ಪರೀಕ್ಷಕರು ವಿಶ್ವವಿದ್ಯಾಲಯದ ನಿಯಮದಂತೆ ನಡೆಸುತ್ತಾರೆ. ಆ ವರ್ಷದ ಕಾಗದಪತ್ರಗಳೆಲ್ಲ ಸರಿಯಾಗಿವೆ. ಪದವಿ ಮುಗಿಸಿ ಕೆಲಸಕ್ಕೆ ಸೇರಿದವರ ಮೇಲ್ವಿಚಾರಣೆ ಆಯಾ ಸಂಸ್ಥೆಯ ಹೊಣೆ ಎಂಬುದು ನಿಮಗೂ ತಿಳಿದದ್ದೇ. ಹಾಗಾಗಿ ನನ್ನದೂ ಒಂದು ಪ್ರಶ್ನೆ ಇದೆ. ಆ ಹನ್ನೊಂದು ದಿನ ವಿಭಾಗದ ಮುಖ್ಯಸ್ಥೆ ಎಲ್ಲಿದ್ದರು?

ಇತಿ,
ನಮಿತಾ ಹೆಗಡೆ
ಉಪಪ್ರಾಂಶುಪಾಲೆ

ಟೈಪಾದ ಮೇಲೆ ಕೈಯಲ್ಲಿ ಬರೆಯುತ್ತಿದ್ದೇನೆ. ನಿನ್ನ ಅಬ್ಬಾನ ಬೆನ್ನು ಈಗ ಹೇಗಿದೆ?


ಶಿರಸಿ
೩ ಜುಲೈ ೨೦೨೪

ನಮಿತಾ,

ಅಬ್ಬಾನ ಬೆನ್ನು ಹೇಗಿರಬೇಕೋ ಹಾಗಿದೆ. ಮೂವತ್ತು ವರ್ಷ ಯಲ್ಲಾಪುರದಿಂದ ಅರಬೈಲು ಘಟ್ಟದಲ್ಲಿ ಲಾರಿ ಇಳಿಸಿದ ಬೆನ್ನು. ನಾನು ಹೇಳಿಕೊಟ್ಟ ವ್ಯಾಯಾಮ ಬಿಟ್ಟು ಉಳಿದದ್ದೆಲ್ಲ ಮಾಡುತ್ತಾರೆ. ಭಾನುವಾರ ಯಲ್ಲಾಪುರಕ್ಕೆ ಹೋದಾಗ ನಿನ್ನ ಕಾಗದ ಕಂಡು "ನಮಿತಾ ಬರ್ದಾಳಾ? ಉತ್ತರ ಕೊಡು ಬೇಟಾ, ಜಗಳ ಆಡೋದಿದ್ರೂ ಉತ್ತರ ಕೊಟ್ಟೇ ಆಡು" ಅಂದರು. ಅದಕ್ಕೇ ಬರೆಯುತ್ತಿದ್ದೇನೆ.

ಎಲ್ಲಿದ್ದೆ ಎಂದು ಕೇಳಿದ್ದೀಯ. ಹೇಳುತ್ತೇನೆ. ಗಂಗೆ ಬಂದ ಮರುದಿನವೇ ಆಸ್ಪತ್ರೆಗೆ ಗುಣಮಟ್ಟದ ತಪಾಸಣೆಯವರು ಬಂದರು. ಅವರಿಗೆ ರಿಜಿಸ್ಟರು ಬೇಕಿತ್ತು, ರೋಗಿ ಬೇಕಿರಲಿಲ್ಲ. ಎರಡು ದಿನ ಅವರ ಹಿಂದೆ ಓಡಾಡಿದೆ. ಆಮೇಲೆ ಸಿದ್ದಾಪುರದ ಶಿಬಿರ. ಅಲ್ಲಿ ಒಂದೇ ಬೆಳಿಗ್ಗೆ ತೊಂಬತ್ತು ಮೊಣಕಾಲು ನೋಡಿದೆ. ನೋಡಿದೆ ಎನ್ನುವುದೂ ಸುಳ್ಳು, ಮುಟ್ಟಿ ಚೀಟಿ ಕೊಟ್ಟೆ. ಮರಳಿ ಬಂದರೆ ಆಡಳಿತಾಧಿಕಾರಿಗಳ ಸಭೆ. ನಮ್ಮ ವಿಭಾಗಕ್ಕೆ ದಿನಕ್ಕೆ ಐವತ್ತಕ್ಕೂ ಹೆಚ್ಚು ಜನ, ಇರುವವರು ನಾವು ಮೂವರು. ಇನ್ನಿಬ್ಬರನ್ನು ಕೊಡಿ ಎಂದು ಕೇಳಿದೆ. "ಮೇಡಂ, ಒಬ್ಬೊಬ್ರಿಗೆ ಅರ್ಧ ಗಂಟೆ ಎಂತಕ್ಕೆ? ಹತ್ತು ನಿಮಿಷ ಸಾಕಲ್ಲ. ಮಷಿನ್ ಇದ್ಯಲ್ಲ" ಅಂದರು. ಇನ್ನೊಂದು ಕರೆಂಟಿನ ಮಷಿನ್ ಕೊಟ್ಟರು. ಅದನ್ನು ಕೂರಿಸುವವರು ಬಂದಾಗ ಅವರ ಜೊತೆ ನಿಂತೆ.

ಹನ್ನೆರಡನೆಯ ದಿನ ಪರದೆ ಸರಿಸಿ ಒಳಗೆ ಹೋದೆ. ನಂದನ ಗಂಗೆಯ ತೋಳನ್ನು ಮೇಜಿಗೆ ಒತ್ತಿ ಹಿಡಿದು, ತನ್ನ ಮೈಭಾರ ಬಿಟ್ಟು ಮುಂಗೈ ಮಡಚುತ್ತಿದ್ದ. ಅವಳು ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದಳು. ಕಣ್ಣಿಂದ ಧಾರಾಕಾರ ನೀರು. ಒಂದು ಸಣ್ಣ ಸದ್ದೂ ಇಲ್ಲ. ಹನ್ನೊಂದು ದಿನವೂ ಹಾಗೇ ಇದ್ದಳಂತೆ. ಅದಕ್ಕೇ ಪರದೆಯ ಈಚೆಗೆ ಓಡಾಡುತ್ತಿದ್ದ ನನಗೆ ಏನೂ ಕೇಳಿಸಿರಲಿಲ್ಲ.

ಇನ್ನೊಂದು ಕೇಳು. ಆದದ್ದನ್ನೆಲ್ಲ ಗಂಗೆಗೆ ಬಿಡಿಸಿ ಹೇಳಿ, ತಪ್ಪು ನಮ್ಮದು ಎಂದೆ. ಅವಳು ನನ್ನನ್ನೇ ಬೈದಳು. "ಆ ಹುಡ್ಗ ಚಲೋ ಮಾಡ್ತಿದ್ದ ಅಕ್ಕೋರೆ. ಜೋರಾಗಿ ಹಿಡೀತಿದ್ದ. ನೀವು ಬರೀ ನೀನೇ ಮಾಡು, ನೀನೇ ಮಾಡು ಅಂತ್ರಿ. ನಾನೇ ಮಾಡೂದಾದ್ರೆ ಬಸ್ಸು ಹತ್ತಿ ಇಲ್ಲೀವರೆಗೆ ಎಂತಕ್ಕೆ ಬರೂದು?"

ಹದಿನೈದು ವರ್ಷದಿಂದ ಈ ಮಾತು ಕೇಳುತ್ತಿದ್ದೇನೆ. ಎಳೆದು ನೋಯಿಸಿದವನು ಕೆಲಸ ಬಲ್ಲವನು. ಕೂತು ನೋಡಿ, ಹೀಗೆ ಮಾಡು ಎಂದವಳು ಸುಮ್ಮನೆ ಕೂತವಳು.

ಈಗ ಗಂಗೆ ಎಡಗೈಯಲ್ಲಿ ಉಣ್ಣುತ್ತಾಳೆ. ಮೇ ತಿಂಗಳಲ್ಲಿ ತಂಗಿಯ ಮಗಳ ಮದುವೆ ಇತ್ತಂತೆ. ಪಂಕ್ತಿಯಲ್ಲಿ ಕೂತು ಎಡಗೈ ಹಾಕುವುದು ಹೇಗೆಂದು ಉಪವಾಸ ಎಂದು ಸುಳ್ಳು ಹೇಳಿ ಎಲೆ ಬಿಟ್ಟಳಂತೆ. ಇದನ್ನು ನನಗೆ ನಗುತ್ತಾ ಹೇಳಿದಳು.

ಇಷ್ಟು ಬರೆದ ಮೇಲೆ ಇನ್ನೊಂದನ್ನೂ ಬರೆದುಬಿಡುತ್ತೇನೆ. ಓದು ಮುಗಿಸಿ ಎಂಟು ವರ್ಷ ಇದೇ ಆಸ್ಪತ್ರೆಯಲ್ಲಿ ಒಟ್ಟಿಗೆ ಇದ್ದೆವು. ಹಳೆ ಬಸ್‌ಸ್ಟ್ಯಾಂಡಿನ ಹತ್ತಿರ ಮಾಳಿಗೆ ಕೋಣೆ ಹಿಡಿದು, ಇಬ್ಬರ ಹೆಸರಲ್ಲೂ ಕ್ಲಿನಿಕ್ ತೆರೆಯುವುದೆಂದಾಗಿತ್ತು. ಬೋರ್ಡು ಬರೆಯಲು ಕೊಟ್ಟಿದ್ದೆವು. ಒಂದು ಸೋಮವಾರ ಬೆಳಿಗ್ಗೆ ನಿನ್ನ ಮೆಸೇಜು ಬಂತು, ಹುಬ್ಬಳ್ಳಿಯಲ್ಲಿ ಪಾಠ ಮಾಡುವ ಕೆಲಸ ಸಿಕ್ಕಿದೆ, ಹೊರಟಿದ್ದೇನೆ ಅಂತ. ಅಷ್ಟೇ. ಏಳು ವರ್ಷವಾಯಿತು. ಹನ್ನೊಂದು ದಿನದ ಲೆಕ್ಕ ಕೇಳುವವಳು ಇದಕ್ಕೂ ಉತ್ತರ ಕೊಡು.

ಫೋನ್ ಮಾಡಬೇಡ. ಫೋನಿನಲ್ಲಿ ನೀನು ಅಳುತ್ತೀಯ, ನಾನು ಬೈಯುತ್ತೇನೆ, ವಿಷಯ ಅಲ್ಲೇ ಉಳಿಯುತ್ತದೆ. ಬರೆ.

ಆಫ್ರೀನ್


ಹೆಗ್ಗರಣೆ
೧೯ ಆಗಸ್ಟ್ ೨೦೨೪

ಆಫ್ರೀನ್,

ಒಂದೂವರೆ ತಿಂಗಳು ಹಿಡಿಯಿತು. ಹುಬ್ಬಳ್ಳಿಯಲ್ಲಿ ಬರೆಯಲು ಕೂತರೆ ಕಾಲೇಜಿನ ಭಾಷೆಯೇ ಬರುತ್ತಿತ್ತು. ಈಗ ರಜೆ ಹಾಕಿ ತವರುಮನೆಗೆ ಬಂದಿದ್ದೇನೆ. ಚೀಲ ಕೆಳಗಿಡುವ ಮೊದಲೇ ಆಯಿ ಕೇಳಿದಳು, "ಆ ಆಫ್ರೀನು ಈಗ ಎಂತಕ್ಕೆ ಬತ್ತೇ ಇಲ್ಲೆ? ಎಂತಾ ಜಗಳ ಮಾಡ್ಕಂಡಿದ್ರಿ ನಿಂಗ ಇಬ್ರೂವಾ?" ಪ್ರತಿ ಸಲ ಬಂದಾಗಲೂ ಕೇಳುತ್ತಾಳೆ. "ಪುರ್ಸೊತ್ತಿಲ್ಲೆ ಆಯಿ" ಎಂದು ಪ್ರತಿ ಸಲವೂ ಹೇಳುತ್ತೇನೆ.

ಮೊದಲು ನಂದನನ ವಿಷಯ. ಆ ವರ್ಷ ಅರವತ್ತು ಜನ ಪರೀಕ್ಷೆಗೆ ಕೂತಿದ್ದರು. ರೋಗಿಗಳು ನಾಲ್ಕೇ ಜನ. ನಮ್ಮ ಕಾಲೇಜಿನ ಆಸ್ಪತ್ರೆಯ ಹಾಸಿಗೆ ತುಂಬುವುದು ತಪಾಸಣೆಯ ದಿನ ಮಾತ್ರ. ಆ ನಾಲ್ವರಲ್ಲಿ ಒಬ್ಬ ಕಾಲೇಜಿನ ವಾಚಮನ್ನು. ವರ್ಷ ವರ್ಷ ಪರೀಕ್ಷೆಗೆ ಮಲಗಿ ಅವನಿಗೆ ಎಲ್ಲ ರೂಢಿಯಾಗಿದೆ. ಭುಜ ಮುಟ್ಟಿದರೆ ಭುಜ ನೋವು ಎನ್ನುತ್ತಾನೆ, ಮೊಣಕೈ ಮುಟ್ಟಿದರೆ ಮೊಣಕೈ. ನಂದನನಿಗೆ ಸಿಕ್ಕಿದ್ದು ಅವನೇ. ಮೊಣಕೈ ಮುರಿದವರಿಗೆ ಏನು ಮಾಡಬಾರದು ಎಂದು ನಾನೇ ಕೇಳಿದೆ. "ಬಲವಂತವಾಗಿ ಎಳೆಯಬಾರದು ಮೇಡಂ" ಎಂದು ತಡವರಿಸದೆ ಹೇಳಿದ. ಅದಕ್ಕೇ ಅಂಕ ಕೊಟ್ಟೆ.

ಅವನಿಗೆ ವಾಕ್ಯ ಗೊತ್ತಿತ್ತು, ಆಫ್ರೀನ್. ಬಲವಂತ ಎಂದರೆ ಎಷ್ಟು ಎಂಬುದು ಅವನ ಕೈಗೆ ಗೊತ್ತಿರಲಿಲ್ಲ. ಅದನ್ನು ಅವನ ಕೈ ಮೇಲೆ ಕೈಯಿಟ್ಟು ಕಲಿಸಬೇಕು. ನಮ್ಮಿಬ್ಬರಿಗೆ ಹಾಗೇ ಕಲಿಸಿದ್ದರು. ನಾನು ಅವನಿಗೆ ಪರದೆಯ ಮೇಲಿನ ಚಿತ್ರದಲ್ಲಿ ಕಲಿಸಿದೆ.

ಅದರ ಹಿಂದಿನ ವರ್ಷ ಒಂಬತ್ತು ಜನರನ್ನು ಫೇಲು ಮಾಡಿದ್ದೆ. ಪ್ರಾಂಶುಪಾಲರು ಕರೆದು, "ಮುಂದಿನ ವರ್ಷ ಸೀಟು ತುಂಬೂದು ಬ್ಯಾಡೇನ್ರಿ ನಿಮಗ?" ಎಂದರು. ಆಮೇಲೆ ಯಾರನ್ನೂ ಫೇಲು ಮಾಡಲಿಲ್ಲ. ಉಪಪ್ರಾಂಶುಪಾಲೆಯಾದೆ.

ಇನ್ನು ಕ್ಲಿನಿಕ್ಕು. ಕೋಣೆಯ ಮಾಲೀಕ ಚಂದ್ರಶೇಖರಪ್ಪನವರು ಆ ಭಾನುವಾರ ನನಗೊಬ್ಬಳಿಗೇ ಫೋನ್ ಮಾಡಿದರು. "ನೋಡ್ರಿ ಮೇಡಂ, ನೀವು ಬರ್ರಿ, ಬ್ಯಾಡ ಅನ್ನಂಗಿಲ್ಲ. ಆದ್ರ ಬೋರ್ಡಿನ ಮ್ಯಾಲೆ ಆ ಹೆಸರು ಬ್ಯಾಡ. ಕೆಳಗಿನ ಅಂಗಡಿಯವರು ತಕರಾರು ತಗೀತಾರ. ಅವರು ಒಳಗ ಕೆಲಸ ಮಾಡ್ಲಿ, ನಾ ಏನೂ ಅನ್ನೂದಿಲ್ಲ."

ನಾನು ಆಗಲಿ ಎಂದೆ. ಜಗಳ ಆಡಿ ಸೋತು ಹೇಳಿದ್ದಲ್ಲ. ಮೊದಲ ಮಾತಿಗೇ ಆಗಲಿ ಎಂದೆ. ಬೋರ್ಡು ಬರೆಯುವ ಬೈರನಿಗೆ ಫೋನ್ ಮಾಡಿ ನಿನ್ನ ಹೆಸರು ಬಿಡಲು ಹೇಳಿದೆ. ನಿನಗೆ ಏನಾದರೊಂದು ಸಬೂಬು ಕೊಟ್ಟರಾಯಿತು ಅಂದುಕೊಂಡೆ. ಸಂಜೆ ನೀನು ಪರದೆಗೆಂದು ಎರಡು ತುಂಡು ಬಟ್ಟೆ ಹಿಡಿದು ಬಂದೆ. ಹಸಿರು ಚೆನ್ನಾಗಿದೆಯೋ ನೀಲಿಯೋ ಎಂದು ಕೇಳಿದೆ. ನಾನು ಹಸಿರು ಎಂದೆ. ನೀನು ಹೋದ ಮೇಲೆ ಹುಬ್ಬಳ್ಳಿಗೆ ಫೋನ್ ಮಾಡಿ, ಮೊದಲು ಬೇಡವೆಂದಿದ್ದ ಕೆಲಸಕ್ಕೆ ಬರುತ್ತೇನೆಂದೆ.

ನೀನು ಕೇಳಿದ್ದೆ, ಬರೆದಿದ್ದೇನೆ. ಇದಕ್ಕೆ ನೀನು ಉತ್ತರ ಬರೆಯಬೇಕೆಂದಿಲ್ಲ.

ನಮಿತಾ


ಶಿರಸಿ
೨ ಸೆಪ್ಟೆಂಬರ್ ೨೦೨೪

ನಮಿತಾ,

ನನಗೆ ಗೊತ್ತಿತ್ತು. ನೀನು ಹೋದ ಮೂರನೆಯ ದಿನ ಬೈರ ಆಸ್ಪತ್ರೆಗೇ ಬಂದಿದ್ದ. "ಅಕ್ಕೋರೆ, ನಿಮ್ ಹೆಸ್ರು ಬಿಟ್ಟು ಬರಿ ಅಂದಾರೆ. ನಿಮ್ಗೆ ಗೊತ್ತಿತ್ತಾ?" ಅಂದ. ಗೊತ್ತಿತ್ತು, ನಾನೇ ಹೇಳಿದ್ದು ಎಂದೆ. ಅವನೆದುರು ಬೇರೆ ಏನು ಹೇಳಲಿ?

ನೀನಾಗಿಯೇ ಹೇಳುತ್ತೀಯ ಎಂದು ಕಾದೆ. ಮೊದಲ ರಂಜಾನಿಗೆ ಕಾದೆ, ನಿನ್ನ ಮದುವೆಯ ಕರೆಯೋಲೆ ಬಂದಾಗ ಒಳಗೆ ಒಂದು ಚೀಟಿ ಇರಬಹುದೆಂದು ತಡಕಿದೆ. ಆಮೇಲೆ ಕಾಯುವುದು ಬಿಟ್ಟೆ. ಈಗ ಹೇಳಿದ್ದೀಯ. ಹೇಳಿದ್ದರಿಂದ ಹಗುರಾಯಿತೆಂದು ನಾನು ಬರೆಯಲಾರೆ. ನಿನ್ನ ಕಾಗದ ಬಂದ ದಿನ ಮೂವರು ರೋಗಿಗಳ ಮೇಲೆ ರೇಗಿದೆ.

ಇಲ್ಲಿಯ ಸುದ್ದಿ. ನಂದನನನ್ನು ಕೆಲಸದಿಂದ ತೆಗೆದರು. ನಾನು ವರದಿ ಕೊಟ್ಟದ್ದು ತೆಗೆಯಿರಿ ಎಂದಲ್ಲ. ಹೊಸಬರು ಮೂರು ತಿಂಗಳು ಹಿರಿಯರ ಪಕ್ಕ ನಿಂತು ಕಲಿಯಬೇಕು, ಅಲ್ಲಿಯವರೆಗೆ ಅವರ ಕೈಗೆ ರೋಗಿಯನ್ನು ಕೊಡಬಾರದು ಎಂದು ಎರಡು ಪುಟ ಬರೆದಿದ್ದೆ. ಆ ಎರಡು ಪುಟದಲ್ಲಿ ಅವರಿಗೆ ಕಂಡದ್ದು ಅವನ ಹೆಸರೊಂದೇ. ಅವನ ಜಾಗಕ್ಕೆ ಈಗ ಈ ವರ್ಷ ಪಾಸಾದ ಹುಡುಗಿ ಬಂದಿದ್ದಾಳೆ, ಸ್ಫೂರ್ತಿ ಅಂತ. ಮೊದಲ ದಿನವೇ ಹದಿನೆಂಟು ರೋಗಿಗಳನ್ನು ಅವಳಿಗೆ ಹಚ್ಚಿದರು.

ಕಳೆದ ಭಾನುವಾರ ಅಬ್ಬಾನನ್ನು ನೋಡಲು ಯಲ್ಲಾಪುರಕ್ಕೆ ಹೋದವಳು ನಂದನನನ್ನೂ ಹುಡುಕಿ ಹೋದೆ. ಪೇಟೆಯಲ್ಲಿ ನೋವು ನಿವಾರಣೆಯ ಸೆಂಟರ್ ಒಂದು ತೆರೆದಿದೆ. ಅಲ್ಲಿ ಕೆಲಸಕ್ಕಿದ್ದಾನೆ. ನನ್ನನ್ನು ಕಂಡು ಎದ್ದು ನಿಂತ.

"ಮೇಡಂ, ಪೇಷಂಟ್ ಅಳ್ತಿದ್ರೆ ಸರಿ ಆಗ್ತಾ ಇದೆ ಅಂದ್ಕೊಂಡಿದ್ದೆ. ಅವ್ರೂ ಬೇಡ ಅನ್ಲಿಲ್ಲ. ದಿನಾ ಒಂದೆರಡು ಡಿಗ್ರಿ ಹೆಚ್ಚು ಬಂದಂಗೆ ಕಾಣ್ತಿತ್ತು."

"ನನ್ನನ್ನು ಕೇಳಬಹುದಿತ್ತಲ್ಲೋ."

"ಎರಡು ಸಲ ಬಂದಿದ್ದೆ ಮೇಡಂ. ಒಂದ್ಸಲ ನೀವು ಮೀಟಿಂಗಲ್ಲಿದ್ರಿ. ಇನ್ನೊಂದ್ಸಲ ಆಮೇಲೆ ಬಾ ಅಂದ್ರಿ."

ಅಂದಿದ್ದೆನೋ ಏನೋ. ದಿನಕ್ಕೆ ಇಪ್ಪತ್ತು ಸಲ ಅನ್ನುತ್ತೇನೆ.

ಅವನು ಈಗ ಯಾರನ್ನೂ ಮುಟ್ಟುವುದಿಲ್ಲ, ನಮಿತಾ. ಪ್ಯಾಡು ಹಚ್ಚಿ ಮಷಿನ್ ಹಾಕಿ ದೂರ ನಿಲ್ಲುತ್ತಾನೆ. ಅಲ್ಲಿ ಜನ ಸಾಲು ಹಚ್ಚಿದ್ದಾರೆ. ಬಹಳ ಒಳ್ಳೆಯ ಹುಡುಗ, ಸ್ವಲ್ಪವೂ ನೋಯಿಸುವುದಿಲ್ಲ ಎನ್ನುತ್ತಾರೆ.

ನಿನ್ನಲ್ಲಿ ಕಲಿಯುವವರಿದ್ದಾರೆ, ರೋಗಿಗಳಿಲ್ಲ. ನನ್ನಲ್ಲಿ ರೋಗಿಗಳಿದ್ದಾರೆ, ಕಲಿಸಿದ ಕೈಗಳಿಲ್ಲ. ಕೊನೆಯ ವರ್ಷದವರನ್ನು ಸರದಿಯ ಮೇಲೆ ಇಲ್ಲಿಗೆ ಕಳಿಸು. ನಾನು ಪಕ್ಕದಲ್ಲಿ ನಿಂತು ಕಲಿಸುತ್ತೇನೆ. ನಿನ್ನ ಕಾಲೇಜಿನವರನ್ನು ಕೇಳಿ ಬರೆ.

ಆಫ್ರೀನ್


ಹುಬ್ಬಳ್ಳಿ
೨೦ ಅಕ್ಟೋಬರ್ ೨೦೨೪

ಆಫ್ರೀನ್,

ಕೇಳಿದೆ. ಬೇಡವೆಂದರು. ವಿದ್ಯಾರ್ಥಿಗಳನ್ನು ಹೊರಗಿನ ಆಸ್ಪತ್ರೆಗೆ ಕಳಿಸಿದರೆ ನಮ್ಮಲ್ಲಿ ರೋಗಿಗಳಿಲ್ಲ ಎಂದು ನಾವೇ ಬರೆದುಕೊಟ್ಟಂತಾಗುತ್ತದಂತೆ. ಮತ್ತೆ ಕೇಳಿದೆ. ಲಿಖಿತವಾಗಿ ಕೊಡಿ ಎಂದರು. ಕೊಟ್ಟೆ. ಅರ್ಜಿ ಎಲ್ಲಿದೆಯೆಂದು ಈಗ ಯಾರಿಗೂ ಗೊತ್ತಿಲ್ಲ.

ಹಾಗಾಗಿ ಕೇಳುವುದು ಬಿಟ್ಟೆ. ನವೆಂಬರ್ ಹತ್ತು ಭಾನುವಾರ. ನಾನು ಬರುತ್ತೇನೆ. ಬರುವ ಮನಸ್ಸಿರುವವರು ಸ್ವಂತ ಬಸ್ಸು ಹತ್ತಿ ಬನ್ನಿ, ಹಾಜರಿ ಇಲ್ಲ, ಅಂಕ ಇಲ್ಲ, ಸರ್ಟಿಫಿಕೇಟು ಇಲ್ಲ ಎಂದು ತರಗತಿಯಲ್ಲಿ ಹೇಳಿದೆ. ಒಂಬತ್ತು ಜನ ಕೈಯೆತ್ತಿದ್ದಾರೆ. ಅವರು ಅವಳ ಕೈ ಹಿಡಿದು ಕಲಿಯಬಹುದೇ ಎಂದು ಗಂಗೆಯನ್ನು ಕೇಳು. ಅವಳು ಒಲ್ಲೆ ಎಂದರೆ ಒತ್ತಾಯ ಮಾಡಬೇಡ.

ನನಗೆ ನಿನ್ನ ಜೊತೆ ಬೇರೆ ಮಾತು ಆಡಬೇಕೆಂದೇನಿಲ್ಲ. ಕೆಲಸ ಮಾಡಿ ಹೋಗುತ್ತೇವೆ.

ನಮಿತಾ


ಶಿರಸಿ
೯ ಡಿಸೆಂಬರ್ ೨೦೨೪

ನಮಿತಾ,

ಮೂರು ಭಾನುವಾರ ಬಂದಿರಿ. ಮೂರು ಸಲವೂ ರೋಗಿಯ ವಿಷಯ ಬಿಟ್ಟು ನಾವಿಬ್ಬರೂ ಒಂದು ಮಾತು ಆಡಲಿಲ್ಲ. ಎರಡನೆಯ ಸಲ ನಿನ್ನ ಲೋಟಕ್ಕೆ ಸಕ್ಕರೆ ಹಾಕದೆ ಚಹಾ ಕೊಟ್ಟದ್ದು ನಾನು. ನೆನಪಿತ್ತು, ಅಷ್ಟೇ.

ಕೈಯೆತ್ತಿದವರು ಒಂಬತ್ತು, ಬಂದವರು ನಾಲ್ಕು. ನೀನು ಮೋರೆ ಸಣ್ಣ ಮಾಡಿಕೊಂಡಿದ್ದೆ. ಅಷ್ಟಾದರೂ ಬಂದರಲ್ಲ ಎಂದು ನನಗೆ ಆಶ್ಚರ್ಯ. ಆ ಕನ್ನಡಕದ ಹುಡುಗಿ ಗಂಗೆಯ ಮೊಣಕೈ ಹಿಡಿಯಲು ಹಿಂದೆಮುಂದೆ ನೋಡುತ್ತಿದ್ದಳಲ್ಲ, ಆಗ ಗಂಗೆ ಅಂದದ್ದು ನೀನು ಕೇಳಿಸಿಕೊಂಡೆಯೋ ಇಲ್ಲವೋ. "ಹೆದ್ರಬ್ಯಾಡ ತಂಗೀ. ಹಿಡ್ಕ. ಎಲ್ಲಿ ಸಾಕು ಅಂತ ನಾ ಹೇಳ್ತೆ. ಆ ಹುಡ್ಗನಿಗೆ ನಾ ಹೇಳ್ಲಿಲ್ಲ, ಅದೇ ಆಗಿದ್ದು." ನಾನು ಎಷ್ಟು ಹೇಳಿದರೂ ಒಪ್ಪದಿದ್ದವಳು, ಕಲಿಸುವವಳಾದ ಮೇಲೆ ಒಪ್ಪಿದಳು. ಆದರೆ ತಪ್ಪನ್ನು ತನ್ನ ಮೇಲೆ ಎಳೆದುಕೊಂಡಳು. ಅದು ನನಗೆ ಸರಿ ಕಾಣಲಿಲ್ಲ. ಅಲ್ಲ ಗಂಗೆ, ತಪ್ಪು ನಮ್ಮದು ಎಂದು ಮತ್ತೆ ಹೇಳಿದೆ. "ಆತು ಬಿಡ್ರಿ, ಎಲ್ರದ್ದೂ ಇರ್ಲಿ" ಅಂದಳು.

ಇನ್ನು ಬರಬೇಡಿ. ಆಡಳಿತಾಧಿಕಾರಿಗಳಿಗೆ ಯಾರೋ ತಿಳಿಸಿದ್ದಾರೆ. ಅನುಮತಿ ಇಲ್ಲದೆ ಹೊರಗಿನವರು ರೋಗಿಯನ್ನು ಮುಟ್ಟಿದ್ದು ಹೇಗೆಂದು ನನ್ನಿಂದ ವಿವರಣೆ ಕೇಳಿದ್ದಾರೆ. ಗಂಗೆಯನ್ನು ಕೇಳಿ, ಒಪ್ಪಿಗೆ ಬರೆಸಿಕೊಂಡು, ನನ್ನ ಎದುರೇ ಮುಟ್ಟಿದ್ದು ಎಂದೆ. "ರಿಜಿಸ್ಟರಿನಲ್ಲಿ ಇಲ್ವಲ್ಲ ಮೇಡಂ" ಅಂದರು. ನನ್ನ ಕೆಳಗೇ ಹನ್ನೊಂದು ದಿನ ಒಬ್ಬಳ ಕೈ ಹಾಳಾದಾಗ ಯಾರೂ ವಿವರಣೆ ಕೇಳಿರಲಿಲ್ಲ. ಅದು ರಿಜಿಸ್ಟರಿನಲ್ಲಿ ಸರಿಯಾಗಿತ್ತು.

ಅಡಿಕೆ ಸುಲಿ ಶುರುವಾಗಿದೆ. ಗಂಗೆಯನ್ನು ಈ ಸಲ ಯಾರೂ ಕರೆದಿಲ್ಲ. ಎಲುಬು ಗಟ್ಟಿಯಾಗಿ ಬೆಳೆಯುವುದು ನಿಂತಿದೆ, ಫೆಬ್ರವರಿಯಲ್ಲಿ ತೆಗೆಯಬಹುದು ಎಂದು ಡಾಕ್ಟರು ಹೇಳಿದ್ದಾರೆ. ಅವಳು ಇನ್ನೂ ಹೂಂ ಅಂದಿಲ್ಲ.

ಆಫ್ರೀನ್


ಹುಬ್ಬಳ್ಳಿ
೧೬ ಮಾರ್ಚ್ ೨೦೨೫

ಆಫ್ರೀನ್,

ಪರೀಕ್ಷೆ ಮುಗಿಯಿತು. ಈ ಸಲ ವಾಚಮನ್ನನ್ನು ಮಲಗಿಸಲು ನಾನು ಬಿಡಲಿಲ್ಲ. ಊರಿನ ದೊಡ್ಡ ಆಸ್ಪತ್ರೆಯ ಪರಿಚಯದವರನ್ನು ಕಾಡಿ ಬೇಡಿ ಹದಿನಾಲ್ಕು ಜನ ನಿಜವಾದ ರೋಗಿಗಳನ್ನು ಒಪ್ಪಿಸಿದೆ. ಹನ್ನೊಂದು ವಿದ್ಯಾರ್ಥಿಗಳನ್ನು ಫೇಲು ಮಾಡಿದೆ. ಶಿರಸಿಗೆ ಬಂದ ನಾಲ್ವರಲ್ಲಿ ಮೂವರು ಚೆನ್ನಾಗಿ ಮಾಡಿದರು. ನಾಲ್ಕನೆಯವನು ಫೇಲು. ಅವನಿಗೆ ರೋಗಿಯ ಮುಖ ನೋಡುವುದೇ ಮರೆತುಹೋಗುತ್ತದೆ. ಮನಸ್ಸಿಗೆ ಕಷ್ಟವಾಯಿತು, ಆದರೂ ಮಾಡಿದೆ.

ಮರುದಿನ ಪಾಲಕರು ಬಂದರು. ವಾರದೊಳಗೆ ನನ್ನನ್ನು ಪರೀಕ್ಷಾ ಕೆಲಸದಿಂದ ತೆಗೆದರು. ಉಪಪ್ರಾಂಶುಪಾಲರ ಕೋಣೆ ಬೇರೆಯವರಿಗಾಯಿತು. ನನಗೆ ಮೊದಲ ವರ್ಷದವರಿಗೆ ಎಲುಬುಗಳ ಹೆಸರು ಕಲಿಸುವ ಕೆಲಸ. ಹನ್ನೊಂದು ಜನರಿಗೆ ಮರುಪರೀಕ್ಷೆ ಇಟ್ಟಿದ್ದಾರೆ. ಎಲ್ಲರೂ ಪಾಸಾಗುತ್ತಾರೆ, ಅದನ್ನು ಈಗಲೇ ಬರೆದುಕೊಡಬಲ್ಲೆ. ಹಾಗಾದರೆ ನಾನು ಮಾಡಿದ್ದರಿಂದ ಏನಾಯಿತು? ತರಗತಿಯಲ್ಲಿ ನಿಂತಾಗಲೆಲ್ಲ ಇದೇ ತಲೆಯಲ್ಲಿ ಸುತ್ತುತ್ತದೆ. ಮನೆಯವರು "ನಿನಗ್ಯಾಕೆ ಊರ ಉಸಾಬರಿ" ಎನ್ನುತ್ತಾರೆ. ಆಯಿಗೆ ಮಾತ್ರ ಹೇಳಿದೆ. "ಮೊದ್ಲೇ ಮಾಡಕಾಗಿತ್ತು" ಅಂದಳು, ಅಷ್ಟೇ.

ಜೂನ್ ತನಕ ಇದ್ದು ಬಿಡುತ್ತೇನೆ. ನಿನ್ನ ಆಸ್ಪತ್ರೆಯಲ್ಲಿ ಜಾಗ ಇದ್ದರೆ ಅರ್ಜಿ ಹಾಕಲೇ? ಇಲ್ಲ ಎನ್ನುವುದಾದರೆ ನೇರವಾಗಿ ಇಲ್ಲ ಎನ್ನು. ನನಗೆ ಅರ್ಥವಾಗುತ್ತದೆ.

ಗಂಗೆ ಆಪರೇಷನ್ನಿಗೆ ಒಪ್ಪಿದಳೇ?

ನಮಿತಾ


ಶಿರಸಿ
೪ ಮೇ ೨೦೨೫

ನಮಿತಾ,

ತಡವಾಯಿತು. ಬೇಕೆಂದೇ ತಡ ಮಾಡಿದ್ದಲ್ಲ, ಸ್ವಲ್ಪ ಬೇಕೆಂದೂ ಹೌದು.

ಗಂಗೆ ಫೆಬ್ರವರಿ ಕೊನೆಯಲ್ಲಿ ಆಪರೇಷನ್ ಮಾಡಿಸಿಕೊಂಡಳು. ಬೆಳೆದ ಎಲುಬು ತೆಗೆದರು. ಮೂರನೆಯ ದಿನದಿಂದ ನಾನೇ ವ್ಯಾಯಾಮ ಮಾಡಿಸಿದ್ದೇನೆ, ಒಂದು ದಿನವೂ ಬೇರೆಯವರ ಕೈಗೆ ಕೊಟ್ಟಿಲ್ಲ. ಸಭೆಗೆ ಕರೆದಾಗ ರೋಗಿ ಇದ್ದಾಳೆ, ಬರುವುದಿಲ್ಲ ಎಂದೆ. ಐದನೆಯ ಸಲಕ್ಕೆ ಅವರು ಕರೆಯುವುದನ್ನೇ ಬಿಟ್ಟರು. ಸ್ಫೂರ್ತಿ ಪಕ್ಕದಲ್ಲಿ ನಿಂತು ನೋಡುತ್ತಾಳೆ. ಅವಳ ಕೈಯನ್ನು ನನ್ನ ಕೈ ಕೆಳಗಿಟ್ಟು ತೋರಿಸುತ್ತೇನೆ.

ಎಪ್ಪತ್ತು ಇದ್ದದ್ದು ತೊಂಬತ್ತಾಯಿತು, ನೂರಾಯಿತು. ನೂರ ಹನ್ನೆರಡಕ್ಕೆ ನಿಂತಿದೆ. ಮೂರು ವಾರದಿಂದ ಒಂದು ಡಿಗ್ರಿಯೂ ಕದಲಿಲ್ಲ. ತುತ್ತು ಬಾಯಿಗೆ ಮುಟ್ಟಲು ಇನ್ನೂ ನಾಲ್ಕು ಬೆರಳು ಬೇಕು. ನನಗೆ ಎಷ್ಟು ಸಿಟ್ಟು ಬಂದಿತ್ತೆಂದರೆ, ಸ್ವಲ್ಪ ಒತ್ತಿಬಿಡಲೇ ಎಂದು ಒಂದು ಕ್ಷಣ ನನ್ನ ಕೈಗೇ ಅನಿಸಿತು. ತಕ್ಷಣ ಕೈ ತೆಗೆದು ದೂರ ಕೂತೆ. ನಂದನನನ್ನು ಅರ್ಥ ಮಾಡಿಕೊಳ್ಳಲು ನನಗೆ ಒಂದು ವರ್ಷ ಹಿಡಿಯಿತು.

ಮೊನ್ನೆ ಗಂಗೆ ಮನೆಯಿಂದ ಡಬ್ಬಿ ತಂದಿದ್ದಳು. ನನ್ನ ಎದುರೇ ಬಿಚ್ಚಿ, ಬಲಗೈಯಲ್ಲಿ ಅನ್ನ ಕಲಸಿ, ಕುತ್ತಿಗೆ ಮುಂದೆ ಚಾಚಿ ಬಗ್ಗಿ ತುತ್ತು ಬಾಯಿಗೆ ಹಾಕಿಕೊಂಡಳು. ಕುತ್ತಿಗೆ ಹಾಗೆ ಬಗ್ಗಿಸಬಾರದು, ಇನ್ನು ಎರಡು ವರ್ಷಕ್ಕೆ ಕುತ್ತಿಗೆ ನೋವು ಎಂದು ಬರುತ್ತೀ ಎಂದು ಹೇಳಲು ಬಾಯಿ ತೆರೆದೆ. "ಕೈ ಬರೂದಿಲ್ಲ ಅಂದ್ರೆ ಬಾಯೇ ಹೋತದೆ ಅಕ್ಕೋರೆ" ಅಂದಳು. ಉಂಡು ಮುಗಿಸುವವರೆಗೆ ಸುಮ್ಮನೆ ಕೂತೆ. ಸುಲಿ ಕೆಲಸಕ್ಕೆ ಆ ಕೈ ಆಗುತ್ತದೋ ಇಲ್ಲವೋ, ಬರುವ ಹಂಗಾಮಿನಲ್ಲೇ ತಿಳಿಯಬೇಕು. ನನಗೆ ನಂಬಿಕೆ ಇಲ್ಲ. ಅವಳಿಗಿದೆ.

ಇನ್ನು ನೀನು ಕೇಳಿದ್ದು. ಮುಖ್ಯಸ್ಥೆಯ ಜಾಗ ಬಿಡುತ್ತೇನೆಂದು ಏಪ್ರಿಲ್ಲಿನಲ್ಲಿ ಬರೆದುಕೊಟ್ಟೆ. ಆಡಳಿತಾಧಿಕಾರಿಗಳು ಕಾಗದ ಹಿಂದೆ ಕೊಟ್ಟು, "ನೀವು ಬಿಟ್ರೆ ತಪಾಸಣೆಯವರ ಎದ್ರು ಯಾರನ್ನ ಕೂರಿಸೂದು?" ಎಂದರು. ಹಾಗಾದರೆ ಒಬ್ಬ ಅನುಭವಸ್ಥರನ್ನು ಕೊಡಿ, ಹೊಸಬರಿಗೆ ಅವರೇ ಕಲಿಸಬೇಕು, ಇಲ್ಲದಿದ್ದರೆ ಯಾವ ರಿಜಿಸ್ಟರಿಗೂ ನನ್ನ ಸಹಿ ಇಲ್ಲ ಎಂದೆ. ಹದಿನೈದು ದಿನ ಸಹಿ ಹಾಕಲಿಲ್ಲ. ಒಂದು ಹುದ್ದೆ ಬಂದಿದೆ. ಉಪಪ್ರಾಂಶುಪಾಲೆಗೆ ತಕ್ಕದ್ದಲ್ಲ. ವಾರಕ್ಕೊಮ್ಮೆ ಸಿದ್ದಾಪುರದ ಶಿಬಿರವೂ ಇದೆ, ಹೆಗ್ಗರಣೆಯಿಂದ ನಿನಗೆ ಹತ್ತಿರ. ಅರ್ಜಿ ಹಾಕು. ನಂದನನಿಗೂ ಬರೆದಿದ್ದೇನೆ, ಶನಿವಾರ ಮಧ್ಯಾಹ್ನ ಬಂದು ನಿಂತು ನೋಡು ಅಂತ. ಈ ಸಲ ರಿಜಿಸ್ಟರಿನಲ್ಲಿ ಹೆಸರು ಹಚ್ಚಿಯೇ ಕರೆದಿದ್ದೇನೆ. ಉತ್ತರ ಬಂದಿಲ್ಲ.

ನಿನ್ನನ್ನು ಕ್ಷಮಿಸಿದ್ದೇನೆ ಎಂದು ಬರೆಯಲು ಎರಡು ಸಲ ಕೂತೆ. ಬರೆಯಲು ಆಗಲಿಲ್ಲ. ಆದದ್ದು ಆಗಿಹೋಯಿತು ಎಂದು ಸುಳ್ಳು ಬರೆಯಲೂ ಮನಸ್ಸಾಗಲಿಲ್ಲ. ಬಂದ ಮೇಲೆ ಒಂದು ದಿನ ನಾನು ನಿನ್ನ ಮೇಲೆ ಕೂಗಾಡುತ್ತೇನೆ, ರೋಗಿಗಳು ಯಾರೂ ಇಲ್ಲದ ಹೊತ್ತು ನೋಡಿ. ಆವತ್ತು ಎದ್ದು ಹೋಗಬೇಡ.

ಬಾಗಿಲು ತೆಗೆಯುವುದು ಎಂಟೂವರೆಗೆ. ಸೋಮವಾರ ಜನ ಹೆಚ್ಚು, ಎಂಟಕ್ಕೇ ಬಾ.

ಆಫ್ರೀನ್